ದಿನಕ್ಕೆ ನಾಲ್ಕು ವಚನ

ಮುಂಬೈಯಲ್ಲಿ ಲೆಕ್ಕಪರಿಶೋಧನೆಯ ಕೆಲಸ ಮಾಡುವ ನಾನು ದಿನವಿಡೀ ಒಂದೊಂದು ನಮೂದಿಗೂ ವೋಚರ್ ಕೇಳುವವನು. ಕ್ರಿಸ್ಮಸ್‌ನ ಮರ್ಮವನ್ನೂ ಬಹುಕಾಲ ಅದೇ ಕಣ್ಣಿನಿಂದ ನೋಡಿದೆ. ಆದಿ ಅಂತ್ಯಗಳಿಲ್ಲದ ದೇವರು ಒಂದು ರಾತ್ರಿ ಕೂಸಾಗಿ ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಅದನ್ನು ಬದಿಗಿಟ್ಟು, ಬಾಗಿಲಿಗೆ ನಕ್ಷತ್ರ ಕಟ್ಟುವುದರಲ್ಲಿ, ಕರ್ಚಿಕಾಯಿಯ ಡಬ್ಬಿ ಹಂಚುವುದರಲ್ಲಿ, ಕ್ಯಾರೋಲ್ ತಂಡದ ಜೊತೆ ಡೊಂಬಿವಲಿ, ಕಲ್ಯಾಣಗಳ ಮನೆಮನೆ ತಿರುಗುವುದರಲ್ಲಿ ಡಿಸೆಂಬರ್ ಕಳೆಯುತ್ತಿದ್ದೆ. ಅದರಲ್ಲಿ ಸಂತೋಷವಿರಲಿಲ್ಲ ಎಂದಲ್ಲ. ಹಬ್ಬ ಮುಗಿದ ಮೇಲೆ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಆಕೆಯ ಸತ್ಯವೇದ, ಅಂದರೆ ಕನ್ನಡ ಬೈಬಲ್, ನನ್ನ ಪಾಲಿಗೆ ಬಂತು. ಆಕೆ ಹುಬ್ಬಳ್ಳಿಯವಳು, 1839ರಲ್ಲಿ ಆ ಊರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದವಳು. ಲೂಕನ ಸುವಾರ್ತೆಯ ಮೊದಲ ಪುಟಗಳಲ್ಲಿ ನಾಲ್ಕು ನಾಲ್ಕು ವಚನಗಳಿಗೊಂದರಂತೆ ಪೆನ್ಸಿಲಿನ ಸಣ್ಣ ಗೆರೆಗಳಿದ್ದವು. ಎಣಿಸಿ ನೋಡಿದೆ. ಮೊದಲನೆಯ ಅಧ್ಯಾಯದಲ್ಲಿ 80 ವಚನಗಳು, ಎರಡನೆಯದರಲ್ಲಿ ಕುರುಬರು ಹಿಂದಿರುಗುವವರೆಗೆ 20, ಒಟ್ಟು ನೂರು. ಡಿಸೆಂಬರ್ 1ರಿಂದ 25ರವರೆಗೆ ದಿನಕ್ಕೆ ನಾಲ್ಕರಂತೆ ಓದಿದರೆ ಲೆಕ್ಕ ಸರಿಯಾಗಿ ಮುಗಿಯುತ್ತದೆ. ಅವ್ವ ಇದನ್ನು ಎಂದೂ ಹೇಳಿರಲಿಲ್ಲ. ಅಡುಗೆಮನೆಯ ಕೆಲಸ ಮುಗಿಸಿ ಒಬ್ಬಳೇ ಕೂತು ಓದುತ್ತಿದ್ದದ್ದು ಇದನ್ನೇ ಎಂದು ಆ ಹೊತ್ತಿಗೆ ನನಗೆ ತಿಳಿಯಿತು.

ಆ ವರ್ಷವೇ ಆರಂಭಿಸಿದೆ. ರಾತ್ರಿ ಊಟವಾದ ಮೇಲೆ ನಾಲ್ಕು ವಚನಗಳನ್ನು ಗಟ್ಟಿಯಾಗಿ ಓದುವುದು, ಅನಂತರ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದು. ವ್ಯಾಖ್ಯಾನದ ಪುಸ್ತಕ ತೆರೆಯುವಂತಿಲ್ಲ, ವಾಕ್ಯ ಅರ್ಧಕ್ಕೆ ನಿಂತರೂ ಮುಂದೆ ಓದುವಂತಿಲ್ಲ. ಮೂರನೆಯ ದಿನವೇ ಈ ನಿಯಮವನ್ನು ಮುರಿದೆ. ಐದನೆಯ ದಿನ ಮುರಿಯಲಾಗಲಿಲ್ಲ.

ಐದನೆಯ ದಿನಕ್ಕೆ ಬರುವುದು 17ರಿಂದ 20ರವರೆಗಿನ ವಚನಗಳು. ಮುಪ್ಪಿನಲ್ಲಿ ಮಗ ಹುಟ್ಟುವನೆಂದು ದೇವದೂತನು ಹೇಳಿದಾಗ ಯಾಜಕನಾದ ಜಕರೀಯನು ಇದನ್ನು ಯಾವುದರಿಂದ ತಿಳಿದುಕೊಳ್ಳಲಿ ಎಂದು ಕೇಳುತ್ತಾನೆ. ಆಧಾರ ಕೇಳಿದವನ ಬಾಯಿ ಕಟ್ಟುತ್ತದೆ. ನನ್ನ ವೃತ್ತಿಯ ಪ್ರಶ್ನೆಯನ್ನೇ ಅವನು ಕೇಳಿದ್ದನು. ದಿನಕ್ಕೆ ನಾಲ್ಕರಂತೆ ಓದುವವರಿಗೆ ಅವನ ಬಾಯಿ ಬಿಚ್ಚುವ 64ನೆಯ ವಚನ ಸಿಗುವುದು 16ನೆಯ ತಾರೀಖಿಗೆ. ಒಂದೇ ಸಲಕ್ಕೆ ಓದಿದಾಗ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿದ್ದ ಮೌನವನ್ನು ಹನ್ನೊಂದು ದಿನ ಅವನ ಜೊತೆಗೆ ನಾನೂ ಹೊತ್ತುಕೊಳ್ಳಬೇಕಾಯಿತು. ಅದನ್ನು ಬರೀ ಶಿಕ್ಷೆಯೆಂದು ನಾನು ಈಗ ಓದುವುದಿಲ್ಲ. ಮಾತು ನಿಂತ ಮನೆಯಲ್ಲಿ ವಾಗ್ದಾನವು ದಿನದಿನಕ್ಕೆ ಬಲಿಯುತ್ತಿತ್ತು, ಅವನ ಹೆಂಡತಿ ಎಲಿಸಬೇತಳ ಗರ್ಭದಂತೆಯೇ.

ಈ ಮೌನದ ನಡುವೆ, ಒಂಬತ್ತನೆಯ ದಿನ, ಯೇಸುವನ್ನು ಹೆರುವಿಯೆಂದು ದೇವದೂತನಿಂದ ಕೇಳಿದ ಕನ್ಯೆ ಮರಿಯಳೂ ಇದು ಹೇಗಾದೀತು ಎಂದು ಕೇಳುತ್ತಾಳೆ. ಆಕೆಗೆ ಸಿಕ್ಕ ಉತ್ತರದಲ್ಲಿ ವಿವರಣೆಯಿಲ್ಲ. ಪರಾತ್ಪರನ ಶಕ್ತಿಯು ನೆರಳಿನಂತೆ ಆವರಿಸುವುದೆಂಬ ಭರವಸೆಯಿದೆ. ಮರುದಿನದ ವಚನಗಳಲ್ಲಿ ಆಕೆ ಅಷ್ಟರಿಂದಲೇ ಒಪ್ಪಿಕೊಳ್ಳುತ್ತಾಳೆ. ಆ ರಾತ್ರಿ ನನಗೆ ನೆನಪಾದದ್ದು, ಎಂದೋ ಪಾಠವಾಗಿ ಕೇಳಿ ಮರೆತಿದ್ದ 451ರ ಕಾಲ್ಸಿಡೋನ್ ಮಹಾಸಭೆ. ಕ್ರಿಸ್ತನಲ್ಲಿ ದೈವಸ್ವಭಾವವೂ ಮನುಷ್ಯಸ್ವಭಾವವೂ ಒಂದಾಗಿರುವ ಬಗೆಯನ್ನು ಕುರಿತು ದೀರ್ಘಕಾಲ ವಾದಿಸಿದ ಮೇಲೆ ಅಲ್ಲಿ ಕೂಡಿದ ಬಿಷಪ್ಪರು ಬರೆದುಕೊಟ್ಟದ್ದು ನಾಲ್ಕು ನಿಷೇಧಗಳನ್ನು: ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ವಿಭಾಗವಿಲ್ಲದೆ, ಅಗಲಿಕೆಯಿಲ್ಲದೆ. ಹೇಗೆ ಎಂಬುದನ್ನು ಅವರೂ ಹೇಳಲಿಲ್ಲ. ಹೊಲದ ನಾಲ್ಕು ಮೂಲೆಗೆ ಗಡಿಕಲ್ಲು ನೆಟ್ಟು ನಡುವಿನ ನೆಲವನ್ನು ಆರಾಧನೆಗೆ ಬಿಟ್ಟುಕೊಟ್ಟರು. ನನ್ನ ಅಜ್ಞಾನವೆಂದು ನಾನು ನಾಚಿಕೊಂಡಿದ್ದ ಜಾಗದಲ್ಲಿಯೇ ಸಭೆಯು ಒಂದೂವರೆ ಸಾವಿರ ವರ್ಷಗಳಿಂದ ಮೊಣಕಾಲೂರಿ ನಿಂತಿದೆ ಎಂದು ತಿಳಿದಾಗ ನನಗಾದ ಬಿಡುಗಡೆಯನ್ನು ಹೇಳಲಾರೆ.

ಇಪ್ಪತ್ತೆರಡನೆಯ ದಿನ, ಮರಿಯಳು ಕೂಸನ್ನು ಗೋದಲಿಯಲ್ಲಿ ಮಲಗಿಸುವ ವಚನ. ನಮ್ಮ ಕನ್ನಡ ಸತ್ಯವೇದವು ಛತ್ರದಲ್ಲಿ ಸ್ಥಳವಿರಲಿಲ್ಲ ಎನ್ನುತ್ತದೆ. ಲೂಕನು ಅಲ್ಲಿ ಬಳಸಿದ ಗ್ರೀಕ್ ಪದ ಕಟಲ್ಯುಮ. ಯೇಸುವಿನ ಕಡೆಯ ಭೋಜನ ನಡೆದ ಕೋಣೆಗೂ ಅವನು ಇದೇ ಪದವನ್ನು ಬಳಸುತ್ತಾನೆ, ಒಳ್ಳೆಯ ಸಮಾರ್ಯದವನ ಕಥೆಯ ಛತ್ರಕ್ಕೆ ಮಾತ್ರ ಬೇರೊಂದು ಪದ. ಆದುದರಿಂದ ಇದು ನೆಂಟರಿಂದ ತುಂಬಿಹೋದ ಮನೆಯ ಅತಿಥಿಕೋಣೆ ಇರಬಹುದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಮುಂಬೈಯ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಊರಿನಿಂದ ಬಂದ ಹೊಸತರಲ್ಲಿ ಪರಳದ ಚಾಳಿನ ಒಂದೇ ಖೋಲಿಯಲ್ಲಿ ಒಂಬತ್ತು ಜನರಿದ್ದರಂತೆ. ಹಸುಗೂಸಿನೊಂದಿಗೆ ಬಂದ ಅತ್ತೆಗೆ ಕಪಾಟಿನ ಕೆಳಗಿನ ಜಾಗವನ್ನು ತೆರವು ಮಾಡಿಕೊಟ್ಟಿದ್ದರಂತೆ. ಆ ಇಕ್ಕಟ್ಟಿನಲ್ಲಿ ದೇವರು ಮಲಗಿದ್ದಾನೆ ಎಂದು ಕಣ್ಣಿಗೆ ಕಟ್ಟಿದ ಮೇಲೆ ನಾನು ಆಧಾರ ಕೇಳುವುದನ್ನು ಮರೆತೆ. ಆ ವರ್ಷದಿಂದ ಮನೆಯ ಗೋದಲಿಯಲ್ಲಿ ಬಾಲಯೇಸುವನ್ನು ಮೊದಲೇ ಇಡದೆ, 24ರ ರಾತ್ರಿ, ಕುರುಬರು ಬಂದು ಕೂಸನ್ನು ಕಾಣುವ 16ನೆಯ ವಚನವನ್ನು ಓದಿದ ಮೇಲೆ ಮಗಳ ಕೈಯಿಂದ ಇಡಿಸುತ್ತೇವೆ.

ಕೊನೆಯ ನಾಲ್ಕು ವಚನಗಳನ್ನು ಹಬ್ಬದ ಬೆಳಿಗ್ಗೆ ಓದುತ್ತೇನೆ. ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ; ಬೇರೊಂದು ಸಭೆಯ ದೇವಾಲಯದಲ್ಲಿ ಅವರ ಆರಾಧನೆ ಮುಗಿದ ಮೇಲೆ ನಮ್ಮದು ನಡೆಯುವುದರಿಂದ ಬೆಳಗಿನ ಹೊತ್ತು ಬಿಡುವಾಗಿರುತ್ತದೆ. ಕುರುಬರು ಕಂಡದ್ದನ್ನು ಎಲ್ಲರಿಗೂ ಸಾರುತ್ತಾರೆ, ಕೇಳಿದವರು ಬೆರಗಾಗುತ್ತಾರೆ, ಮರಿಯಳು ಆ ಮಾತುಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಾಳೆ. ಹೆತ್ತವಳೂ ಆಲೋಚಿಸುತ್ತಲೇ ಇದ್ದಳು ಎಂಬ ಆ 19ನೆಯ ವಚನದ ಪಕ್ಕದಲ್ಲಿ ಅವ್ವನ ಪೆನ್ಸಿಲ್ ಗೆರೆ ಎರಡು ಸಲ ಎಳೆದಂತಿದೆ. ಹೋದ ವರ್ಷ ಮಗಳು ಅದರ ಮೇಲೆ ಬೆರಳಾಡಿಸಿ, ಡಿಸೆಂಬರ್‌ನ ಓದನ್ನು ಇನ್ನು ಮುಂದೆ ತಾನೇ ಓದುತ್ತೇನೆಂದು ಕೇಳಿ ಪಡೆದಳು.