ಠಾಣೆಯ ಕ್ಯಾಮೆರಾ ದಾಖಲೆಗಾಗಿ ಶಾಸಕರ ಮುಂದೆ ಇಟ್ಟ ಮನವಿ: ನನ್ನ ಅನುಭವ

ಶಿವಮೊಗ್ಗದಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಪೊಲೀಸರ ಮೇಲಿನ ದೂರು ಹಿಡಿದು ಬರುವವರಲ್ಲಿ ಹೆಚ್ಚಿನವರು ತೋಟದ ಕೂಲಿಯಾಳುಗಳು, ಸಣ್ಣ ಹಿಡುವಳಿದಾರರು. ಠಾಣೆಯೊಳಗೆ ಹೊಡೆದರೆಂದು ಅವರು ಹೇಳುತ್ತಾರೆ, ಇಲ್ಲವೆಂದು ಠಾಣೆ ಹೇಳುತ್ತದೆ. ಅಂಥದ್ದೊಂದು ಪ್ರಕರಣದಲ್ಲಿ ಮಾಹಿತಿ ಹಕ್ಕಿನಡಿ ಸಿ.ಸಿ. ಕ್ಯಾಮೆರಾ ದೃಶ್ಯ ಕೇಳಿದಾಗ, ಹಳೆಯ ದೃಶ್ಯಗಳು ತಾವಾಗಿಯೇ ಅಳಿಸಿಹೋಗಿವೆ ಎಂಬ ಒಂದೇ ಸಾಲಿನ ಹಿಂಬರಹ ಬಂದಿತು.

ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ನೀಡಿದ ಆದೇಶದ ಪ್ರಕಾರ ಪ್ರತಿ ಪೊಲೀಸ್ ಠಾಣೆಯ ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೊಠಡಿ, ಹಿಂಬದಿಯ ಅಂಗಳ, ಎಲ್ಲೆಡೆಯೂ ಧ್ವನಿ ಸಹಿತ ಕ್ಯಾಮೆರಾ ಇರಬೇಕು, ದಾಖಲೆಯನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕು, ಜಿಲ್ಲಾ ಮಟ್ಟದ ಸಮಿತಿಯೊಂದು ದೃಶ್ಯಗಳನ್ನು ಪರಿಶೀಲಿಸಬೇಕು. ಆದೇಶ ಇಷ್ಟು ಸ್ಪಷ್ಟವಾಗಿರುವಾಗ ಅದರ ಪಾಲನೆಯ ಲೆಕ್ಕ ಕೇಳಬೇಕಾದುದು ಶಾಸನಸಭೆಯೇ ಎಂದು ನನಗೆ ಅನಿಸಿತು.

ಕಕ್ಷಿದಾರರ ಕ್ಷೇತ್ರದ ಶಾಸಕರು ಊರಿನಲ್ಲಿದ್ದ ದಿನ, ಆಶ್ರಯ ಮನೆ, ರಸ್ತೆ, ವರ್ಗಾವಣೆಯ ಅಹವಾಲು ಹೊತ್ತವರ ನಡುವೆ ನಾವೂ ಕಾದೆವು. ಹೀಗೆ ಹೋಗುವವರು ಪೊಲೀಸರಿಗೆ ಬುದ್ಧಿ ಹೇಳಿ ಎಂದು ಬೇಡಿಕೊಳ್ಳಬಾರದು. ಅದರಿಂದ ಒಂದು ದೂರವಾಣಿ ಕರೆ ಹೋಗುತ್ತದೆಯೇ ಹೊರತು ವ್ಯವಸ್ಥೆ ಬದಲಾಗುವುದಿಲ್ಲ. ಸದನದಲ್ಲಿ ಕೇಳಬಹುದಾದ ಪ್ರಶ್ನೆಯನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ: ಜಿಲ್ಲೆಯ ಯಾವ ಯಾವ ಠಾಣೆಯಲ್ಲಿ ಎಷ್ಟು ದಿನಗಳ ದೃಶ್ಯ ಉಳಿಯುತ್ತದೆ, ಮೇಲ್ವಿಚಾರಣಾ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಬೇಕೆಂದು ಕೋರಿದೆ; ಅದಕ್ಕೆ ಉತ್ತರ ಲಿಖಿತವಾಗಿ ಬರುವುದರಿಂದ ಠಾಣಾವಾರು ಅನುಬಂಧವನ್ನೂ ಪಡೆಯಬಹುದು, ಅದನ್ನು ಮುಂದೆ ನ್ಯಾಯಾಲಯದಲ್ಲಿ ಹಾಜರುಪಡಿಸಲೂಬಹುದು.

"ಇದರಿಂದ ಪೊಲೀಸರ ಸ್ಥೈರ್ಯ ಕುಗ್ಗುವುದಿಲ್ಲವೇ ವಕೀಲರೇ?" ಎಂದು ಅವರು ಕೇಳಿದರು. ಸುಳ್ಳು ದೂರಿಗೆ ಸಿಲುಕಿದ ಪ್ರಾಮಾಣಿಕ ಪಿ.ಎಸ್.ಐ.ಯನ್ನು ಕಾಪಾಡುವುದೂ ಅದೇ ದೃಶ್ಯವಲ್ಲವೇ ಎಂದೆ. ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ 2006ರ ತೀರ್ಪು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿಯನ್ನು ವಿಧಿಸಿದೆ ಎಂಬುದನ್ನೂ ಅವರ ಮುಂದಿಟ್ಟೆ. ವರ್ಗಾವಣೆಗೆಂದು ಶಾಸಕರು ಕೊಡುವ ಶಿಫಾರಸು, ಅಂದರೆ ಮಿನಿಟ್ ಪತ್ರದ ಮೇಲೆ ಬಂದ ಅಧಿಕಾರಿ ಜನರಿಗಿಂತ ಆ ಪತ್ರಕ್ಕೇ ಹೆಚ್ಚು ಋಣಿಯಾಗಿರುತ್ತಾನೆ. ಈ ಮಾತು ಅವರಿಗೆ ಹಿತವಾಗಲಿಲ್ಲ, ಆದರೂ ಹೇಳಲೇಬೇಕಿತ್ತು.

ಅದೇ ತೀರ್ಪಿನ ಹಿನ್ನೆಲೆಯಲ್ಲಿ 2012ರ ತಿದ್ದುಪಡಿಯ ಮೂಲಕ ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ ಸೇರಿದ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರದ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಕೇಳಿದವರೇ ವಿರಳ. ಅದರ ವಿಳಾಸವನ್ನು ಪ್ರತಿ ಠಾಣೆಯ ಮುಂದೆ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕೆಂಬುದು ನಮ್ಮ ಎರಡನೆಯ ಬೇಡಿಕೆ. ಪ್ರಾಧಿಕಾರದಲ್ಲಿ ಪೊಲೀಸ್ ಇಲಾಖೆಯ ಹಿಡಿತಕ್ಕೆ ಒಳಪಡದ ಸದಸ್ಯರಿರಬೇಕು, ಅದಕ್ಕೆ ತನಿಖೆಗೆ ಸ್ವಂತ ಸಿಬ್ಬಂದಿ ಬೇಕು ಎಂಬುದು ಮೂರನೆಯದು.

ಶಾಸಕರು ಹಾಳೆಯನ್ನು ಆಪ್ತ ಸಹಾಯಕರ ಕೈಗೆ ಕೊಟ್ಟು, ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಕಳುಹಿಸುವಂತೆ ಸೂಚಿಸಿದರು. ಜಿಲ್ಲೆಯ ಉಳಿದ ಶಾಸಕರಿಗೂ ಅದೇ ಪ್ರಶ್ನೆಯನ್ನು ಅವರವರ ಕ್ಷೇತ್ರದ ಠಾಣೆಗಳ ಪಟ್ಟಿಯೊಂದಿಗೆ ತಲುಪಿಸುವ ಕೆಲಸವನ್ನು ಈಗ ಮಾಡುತ್ತಿದ್ದೇವೆ.