ಹದಿನೆಂಟು ಟನ್ ಎಂಟು ಟನ್ ಆಗಿ ಕೇಳಿದಾಗ: ಆಂಡ್ರಾಯ್ಡ್ ಸಾಧನಕ್ಕೆ ದನಿ ಕೊಟ್ಟ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳೇ ಜಾಸ್ತಿ. ಅವುಗಳ ನಡುವೆ ಇರುವ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ನನ್ನ ಕೆಲಸ. ಸಕ್ಕರೆ ಕಾರ್ಖಾನೆಗಳ ಕಾಟಾದಲ್ಲಿ ಬಳಸುವ ಕೈಸಾಧನವನ್ನು ನಾವು ಮಾಡುತ್ತೇವೆ. ದಪ್ಪನೆಯ ಮೊಬೈಲ್ ತರಹದ್ದು, ಒಳಗೆ ಓಡುವುದು ಆಂಡ್ರಾಯ್ಡ್ 11. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿ ನಿಂತ ಮೇಲೆ ತೂಕ ಎಷ್ಟು ಎಂದು ಅದು ಕನ್ನಡದಲ್ಲಿ ಕೂಗಿ ಹೇಳಬೇಕು. ಪರದೆ ಮೇಲೆ ಅಂಕಿ ಇದ್ದೇ ಇರುತ್ತದೆ. ಆದರೆ ಪರದೆ ಇರುವುದು ಕ್ಲಾರ್ಕ್ ಕೈಯಲ್ಲಿ, ರೈತ ನಿಂತಿರುವುದು ಟ್ರ್ಯಾಕ್ಟರ್ ಪಕ್ಕ. ತೂಕದ ಬಗ್ಗೆ ನಮ್ಮ ಕಡೆ ತಕರಾರು ಹೊಸದೇನಲ್ಲ ಅಲ್ವಾ? ಹಾಗಾಗಿ ಈ ಸಾಧನದಲ್ಲಿ ದನಿಯೇ ಮುಖ್ಯ.

ಬೋರ್ಡ್ ಮಾಡಿದವರು ಕೊಟ್ಟ ಆಂಡ್ರಾಯ್ಡ್‌ನಲ್ಲಿ ಆಡಿಯೊ ಚೆನ್ನಾಗಿಯೇ ಇತ್ತು. ಆದರೆ ಅದು ಅವರೇ ಹಾಕಿದ ಕೋಡೆಕ್‌ಗೆ, ಅಂದರೆ ಅಂಕಿಗಳನ್ನು ಸದ್ದಾಗಿಸುವ ಚಿಪ್‌ಗೆ ಮಾತ್ರ. ನಮಗೆ ಯಾರ್ಡ್‌ನಲ್ಲಿ ಕೇಳುವಷ್ಟು ಜೋರು ಬೇಕಿತ್ತು. ಬೇರೆ ಕೋಡೆಕ್ ಹಾಕಿದೆವು, ಪಕ್ಕದಲ್ಲಿ ಒಂದು ಕ್ಲಾಸ್-ಡಿ ಆಂಪ್ಲಿಫೈಯರ್ ಕೂರಿಸಿದೆವು. ಅಲ್ಲಿಗೆ ಕರ್ನಲ್‌ನಿಂದ (ಆಂಡ್ರಾಯ್ಡ್‌ನ ತಳದಲ್ಲಿ ಹಾರ್ಡ್‌ವೇರ್ ನಡೆಸುವ ಲಿನಕ್ಸ್ ಭಾಗ) ಹಿಡಿದು ಮೇಲಿನವರೆಗೆ ಆಡಿಯೊ ಕೆಲಸ ನಮ್ಮ ತಲೆಗೇ ಬಂತು.

ಸದ್ದು ಸಾಗುವ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಆಪ್ ನುಡಿಸಿದ್ದು ಆಡಿಯೊಟ್ರ್ಯಾಕ್ ಮೂಲಕ ಆಡಿಯೊಫ್ಲಿಂಗರ್‌ಗೆ ಹೋಗುತ್ತದೆ. ಇದು ಆಡಿಯೊಸರ್ವರ್ ಎಂಬ ಪ್ರೋಸೆಸ್‌ನಲ್ಲಿ ಓಡುತ್ತದೆ. ಆಂಡ್ರಾಯ್ಡ್ 7ಕ್ಕೆ ಮುಂಚೆ ಮೀಡಿಯಾಸರ್ವರ್ ಒಳಗೇ ಇತ್ತು. ಎಲ್ಲ ಆಪ್‌ಗಳ ಸದ್ದನ್ನು ಬೆರೆಸಿ ಅದು ಹ್ಯಾಲ್‌ಗೆ ಕೊಡುತ್ತದೆ. ಹ್ಯಾಲ್ ಎಂದರೆ ಆಂಡ್ರಾಯ್ಡ್‌ಗೂ ನಮ್ಮ ಹಾರ್ಡ್‌ವೇರ್‌ಗೂ ನಡುವಿನ ಪದರ. ಅದರ ಕೆಳಗೆ ಲಿನಕ್ಸ್ ಕರ್ನಲ್‌ನ ಆಡಿಯೊ ವ್ಯವಸ್ಥೆ ಆಲ್ಸಾ. ಆಮೇಲೆ ಕೋಡೆಕ್, ಆಂಪ್, ಸ್ಪೀಕರ್.

ಹೊಸಬರು ಸಾಮಾನ್ಯವಾಗಿ ಮೇಲಿನಿಂದ ಶುರು ಮಾಡುತ್ತಾರೆ. ಒಂದು ಹಾಡು ಹಾಕುತ್ತಾರೆ, ಸದ್ದು ಬರುವುದಿಲ್ಲ, ಆಂಡ್ರಾಯ್ಡ್‌ನ ಲಾಗ್ ತೋರಿಸುವ ಲಾಗ್‌ಕ್ಯಾಟ್ ತೆಗೆದು ಕೂರುತ್ತಾರೆ. ಲಾಗ್‌ಕ್ಯಾಟ್ ಪ್ರಕಾರ ಎಲ್ಲವೂ ಸರಿಯಾಗಿಯೇ ಇರುತ್ತದೆ! ನಾನು ಆಡಿಯೊಸರ್ವರ್ ನಿಲ್ಲಿಸಿ, ಆಂಡ್ರಾಯ್ಡ್ ಇದೆ ಎಂಬುದನ್ನೇ ಮರೆತು, ಕೆಳಗಿನಿಂದ ಹೊರಡುತ್ತೇನೆ.

ಕರ್ನಲ್‌ನಲ್ಲಿ ಈ ಕೆಲಸ ಮೂರು ಪಾಲು. ಕೋಡೆಕ್ ಡ್ರೈವರ್, ಪ್ರೊಸೆಸರ್ ಕಡೆಯ ಪ್ಲಾಟ್‌ಫಾರ್ಮ್ ಡ್ರೈವರ್, ಇವೆರಡನ್ನೂ ಜೋಡಿಸುವ ಮಷೀನ್ ಡ್ರೈವರ್. ಮೊದಲೆರಡು ನಮಗೆ ಸಿದ್ಧವಾಗಿ ಸಿಕ್ಕವು. ಮೂರನೆಯದಕ್ಕೆ ಕರ್ನಲ್‌ನಲ್ಲೇ ಇರುವ ಸಿಂಪಲ್-ಆಡಿಯೊ-ಕಾರ್ಡ್ ಸಾಕಾಯಿತು. ಬೋರ್ಡ್ ಮೇಲೆ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀ ಫೈಲಿನಲ್ಲಿ ಕೆಲವು ಸಾಲು ಬರೆದರೆ ಮುಗಿಯಿತು. ಬೂಟ್ ಆದ ಮೇಲೆ ಕರ್ನಲ್‌ನ ಕಾರ್ಡ್ ಪಟ್ಟಿಯಲ್ಲಿ ನಮ್ಮ ಕಾರ್ಡ್ ಹೆಸರು ಕಂಡಿತು.

ಆಮೇಲೆ ಟೈನಿಪ್ಲೇ. ಒಂದು ವೇವ್ ಫೈಲನ್ನು ನೇರ ಆಲ್ಸಾಕ್ಕೆ ತಳ್ಳುವ ಚಿಕ್ಕ ಪ್ರೋಗ್ರಾಂ ಅದು. ಮೊದಲ ಸಲ ಓಡಿಸಿದಾಗ ಏನೂ ಕೇಳಿಸುವುದಿಲ್ಲ. ಕೇಳಿಸಲೂ ಬಾರದು. ಕೋಡೆಕ್ ಒಳಗೆ ಹತ್ತಾರು ಸ್ವಿಚ್ ಇರುತ್ತವೆ, ಬಹುತೇಕ ಎಲ್ಲವೂ ಆಫ್. ಕರ್ನಲ್‌ನ ಡಿಎಪಿಎಂ ಎಂಬ ವ್ಯವಸ್ಥೆ ಡಿಎಸಿಯಿಂದ (ಅಂಕಿಯನ್ನು ಸದ್ದಿನ ಅಲೆಯಾಗಿಸುವ ಭಾಗ) ಸ್ಪೀಕರ್‌ವರೆಗೆ ದಾರಿ ಪೂರ್ತಿ ತೆರೆದಿದ್ದರೆ ಮಾತ್ರ ಆ ಭಾಗಗಳಿಗೆ ಕರೆಂಟ್ ಕೊಡುತ್ತದೆ. ನಡುವೆ ಒಂದು ಸ್ವಿಚ್ ಮುಚ್ಚಿದ್ದರೂ ಪೂರ್ತಿ ಮೌನ. ಈ ಸ್ವಿಚ್‌ಗಳನ್ನು ಬದಲಿಸುವ ಟೈನಿಮಿಕ್ಸ್ ಎಂಬ ಪ್ರೋಗ್ರಾಂನಿಂದ ಒಂದೊಂದಾಗಿ ತೆರೆಯುತ್ತಾ ಹೋಗಬೇಕು. ಪಕ್ಕದಲ್ಲಿ ಡೇಟಾಶೀಟ್‌ನ ಬ್ಲಾಕ್ ಚಿತ್ರ ಇರಲೇಬೇಕು. ಅದಿಲ್ಲದೆ ಸುಮ್ನೆ ಸ್ವಿಚ್ ಒತ್ತಿ ನೋಡುವುದು ದಂಡ.

ಸದ್ದು ಬಂತು. ಆದರೆ ನಮ್ಮ ಘೋಷಣೆಯ ಹೆಣ್ಣು ದನಿಗೆ ನೆಗಡಿ ಬಂದ ಹಾಗಿತ್ತು. ಸ್ವಲ್ಪ ದಪ್ಪ, ಸ್ವಲ್ಪ ನಿಧಾನ. ಸ್ಪೀಕರ್ ಹಾಗೇ ಇರಬೇಕು ಎಂದು ಜೊತೆಯವರು ಹೇಳಿದರು. ನಾನು ಹತ್ತು ನಿಮಿಷದ ಒಂದು ಫೈಲ್ ಹಾಕಿ ವಾಚ್ ನೋಡುತ್ತಾ ಕೂತೆ. ಹತ್ತು ನಿಮಿಷದ ಮೇಲೆ 14 ಸೆಕೆಂಡ್ ಜಾಸ್ತಿ ತೆಗೆದುಕೊಂಡಿತು. ಇಷ್ಟು ಗೊತ್ತಾದರೆ ಉಳಿದದ್ದು ಬರೀ ಲೆಕ್ಕ.

ಪ್ರೊಸೆಸರ್‌ನಿಂದ ಕೋಡೆಕ್‌ಗೆ ಸದ್ದಿನ ಅಂಕಿಗಳು ಹೋಗುವುದು ಐ2ಎಸ್ ತಂತಿಗಳಲ್ಲಿ. 1986ರಲ್ಲಿ ಫಿಲಿಪ್ಸ್ ಕಂಪನಿ ತಂದ ಪದ್ಧತಿ, ಇಂದಿಗೂ ಅದೇ ನಡೆಯುತ್ತಿದೆ. ಒಂದೊಂದು ಅಂಕಿ ಒಂದು ಸ್ಯಾಂಪಲ್, ಸೆಕೆಂಡಿಗೆ ಎಷ್ಟು ಎಂಬುದು ಸ್ಯಾಂಪಲ್ ದರ. ನಮ್ಮ ಜೋಡಣೆಯಲ್ಲಿ ಚಿಪ್‌ಗಳಿಗೆ ತಾಳ ಕೊಡುವ ಮುಖ್ಯ ಗಡಿಯಾರ ಈ ದರದ 256 ಪಟ್ಟು ಇರಬೇಕು. 48,000 ಸ್ಯಾಂಪಲ್‌ಗೆ 12.288 ಮೆಗಾಹರ್ಟ್ಸ್. ಬೋರ್ಡ್ ಮೇಲಿನ ಕ್ರಿಸ್ಟಲ್ 24 ಮೆಗಾಹರ್ಟ್ಸ್. ಅದನ್ನು ಎರಡರಿಂದ ಭಾಗಿಸಿದರೆ 12 ಬರುತ್ತದೆ. ಡಿವೈಸ್ ಟ್ರೀಯ ಮೂಲ ಸಾಲಿನಲ್ಲಿ ಹಾಗೇ ಇತ್ತು. 12 ಮೆಗಾಹರ್ಟ್ಸನ್ನು 256ರಿಂದ ಭಾಗಿಸಿ ನೋಡಿ: 46,875. ಸೆಕೆಂಡಿಗೆ 48,000 ಸ್ಯಾಂಪಲ್ ನುಡಿಸಬೇಕಾದ ಕಡೆ 46,875 ಮಾತ್ರ. ಹತ್ತು ನಿಮಿಷದ ಫೈಲ್ 614.4 ಸೆಕೆಂಡ್ ಹಿಡಿಯುತ್ತದೆ, ನನ್ನ ವಾಚ್ ತೋರಿಸಿದ್ದೂ ಅದನ್ನೇ. 24ನ್ನು ಯಾವ ಪೂರ್ಣ ಸಂಖ್ಯೆಯಿಂದ ಭಾಗಿಸಿದರೂ 12.288 ಬರುವುದಿಲ್ಲ. ಹಾಗಾಗಿ ಪ್ರೊಸೆಸರ್ ಒಳಗಿನ ಫ್ರ್ಯಾಕ್ಷನಲ್ ಪಿಎಲ್ಎಲ್‌ಗೆ (ಭಿನ್ನರಾಶಿಯ ಲೆಕ್ಕದಲ್ಲೂ ಗಡಿಯಾರ ಮಾಡಿಕೊಡುವ ಭಾಗ) ಗಡಿಯಾರವನ್ನು ಹೊಂದಿಸಿದೆ. ಆ ದನಿಗೆ ನೆಗಡಿ ಬಿಟ್ಟಿತು.

ಕಿವಿಗೆ ಈ ವ್ಯತ್ಯಾಸ ಅರ್ಧ ಸ್ವರಸ್ಥಾನಕ್ಕಿಂತ ಕಡಿಮೆ. ಹಾಡು ಹಾಕಿ ಪರೀಕ್ಷೆ ಮಾಡಿದವರಿಗೆ ಗೊತ್ತೇ ಆಗಲಿಕ್ಕಿಲ್ಲ. ಪರಿಚಿತ ದನಿ ಇದ್ದರೆ ಮಾತ್ರ ಅನುಮಾನ ಬರುತ್ತದೆ. ಹಾಗಾಗಿ ಪರೀಕ್ಷೆಗೆ ನಾನು ಯಾವಾಗಲೂ ಮನುಷ್ಯರ ಮಾತನ್ನೇ ಹಾಕುತ್ತೇನೆ.

ಇನ್ನು ಹ್ಯಾಲ್. ಆಂಡ್ರಾಯ್ಡ್ ಮೂಲ ಕೋಡ್‌ನಲ್ಲೇ ಒಂದು ಖಾಲಿ ಮಾದರಿ ಹ್ಯಾಲ್ ಇದೆ. ಸ್ಟ್ರೀಮ್ ತೆರೆಯುವುದು, ಬರೆಯುವುದು, ನಿದ್ದೆಗೆ ಕಳಿಸುವುದು, ಇಂತಹ ಫಂಕ್ಷನ್‌ಗಳ ಚೌಕಟ್ಟು ಅದರಲ್ಲಿದೆ. ಅದರ ಬರೆಯುವ ಫಂಕ್ಷನ್ ನಿಜವಾಗಿ ಏನೂ ನುಡಿಸುವುದಿಲ್ಲ, ಆದರೆ ಆ ಸದ್ದು ನುಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಲಗುತ್ತದೆ. ಇದಕ್ಕೆ ಕಾರಣ ಇದೆ. ಹ್ಯಾಲ್ ತಡೆಯದೆ ಕೂಡಲೇ ವಾಪಸ್ ಬಂದರೆ ಆಡಿಯೊಫ್ಲಿಂಗರ್ ಒಂದೇ ಸಮನೆ ಸದ್ದು ತಳ್ಳುತ್ತಾ ಹೋಗುತ್ತದೆ, ಸಿಪಿಯು ಬಿಸಿಯಾಗುತ್ತದೆ. ಅಂದರೆ ಆಂಡ್ರಾಯ್ಡ್ ಆಡಿಯೊದ ಓಟವನ್ನು ಹಿಡಿದಿಡುವುದೇ ಹ್ಯಾಲ್‌ನ ತಡೆ. ಆ ಜಾಗದಲ್ಲಿ ನಾನು ಆಲ್ಸಾಕ್ಕೆ ಸದ್ದು ಕೊಡುವ ಟೈನಿಆಲ್ಸಾ ಲೈಬ್ರರಿಯ ಕರೆ ಹಾಕಿದೆ. ಬಫರ್‌ನಲ್ಲಿ 1024 ಫ್ರೇಮ್‌ನ ನಾಲ್ಕು ತುಂಡು (ಪೀರಿಯಡ್), ಅಂದರೆ ಒಂದೊಂದು ಸುಮಾರು 21 ಮಿಲಿಸೆಕೆಂಡ್. ಗೇಮ್ ಆಡುವ ಮೊಬೈಲ್‌ಗೆ ಇದು ನಿಧಾನ. ತೂಕ ಕೂಗುವ ಸಾಧನಕ್ಕೆ ಧಾರಾಳ ಸಾಕು, ಬ್ಯಾಟರಿಯೂ ಉಳಿಯುತ್ತದೆ.

ಟೈನಿಮಿಕ್ಸ್‌ನಲ್ಲಿ ಕೈಯಿಂದ ತೆರೆದ ಸ್ವಿಚ್‌ಗಳನ್ನು ಮಿಕ್ಸರ್ ಪಾತ್ಸ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಟ್ಟೆ. ಸ್ಪೀಕರ್‌ಗೆ ಒಂದು ಗುಂಪು, ಹೆಡ್‌ಫೋನ್‌ಗೆ ಒಂದು, ಮೈಕ್‌ಗೆ ಒಂದು. ಆಡಿಯೊ ಪಾಲಿಸಿ ಫೈಲಿನಲ್ಲಿ ನಮ್ಮ ಸಾಧನದಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಹೋಗುತ್ತದೆ ಎಂದು ಹೇಳಬೇಕು. ಈ ಫೈಲಿನಲ್ಲಿ ಒಂದು ಟ್ಯಾಗ್ ಸರಿಯಾಗಿ ಮುಚ್ಚದಿದ್ದರೂ ಆಂಡ್ರಾಯ್ಡ್ ಗಲಾಟೆ ಮಾಡುವುದಿಲ್ಲ. ಲಾಗ್‌ನಲ್ಲಿ ಒಂದು ಸಾಲು ಬರೆದು ತನ್ನದೇ ಡೀಫಾಲ್ಟ್‌ಗೆ ಜಾರಿಕೊಳ್ಳುತ್ತದೆ. ಎಸ್ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಅನುಮತಿಗಳ ಗೋಳು ಬೇರೆ. ಅದು ಎಲ್ಲ ಡ್ರೈವರ್‌ಗೂ ಇದ್ದದ್ದೇ, ಇಲ್ಲಿ ಬೆಳೆಸುವುದಿಲ್ಲ.

ಬೆಂಚಿನ ಮೇಲೆ ಎಲ್ಲ ಸರಿ ಇತ್ತು. ಹಂಗಾಮು ಶುರುವಾದ ಮೇಲೆ ಸಾಧನಗಳು ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯ ಒಂದು ಕಾರ್ಖಾನೆಗೆ ಹೋದವು. ಅಲ್ಲಿಂದ ಕ್ಲಾರ್ಕ್ ಫೋನ್ ಮಾಡಿದರು.

"ಸರ, ಮಷಿನ್ ಹದಿನೆಂಟು ಟನ್ ಅನ್ನೂದ ಬಿಟ್ಟು ಎಂಟ ಟನ್ ಅಂತೈತ್ರಿ. ಪರದೆ ಮ್ಯಾಲ ಬರೋಬ್ಬರಿ ಐತಿ. ರೈತರು ಜಗಳಕ್ಕ ನಿಂತಾರ."

"ಪ್ರತಿ ಸಲಾನೂ ಹಂಗ ಅಂತೈತೇನ್ರಿ?"

"ಇಲ್ಲರಿ. ಕೂಡಲೇ ಮತ್ತೊಮ್ಮೆ ಬಟನ್ ಒತ್ತಿದ್ರ ಹದಿನೆಂಟು ಅಂತೈತಿ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದ್ರ ಮತ್ತ ನುಂಗತೈತಿ."

ಇದಕ್ಕಿಂತ ಒಳ್ಳೆಯ ಬಗ್ ರಿಪೋರ್ಟ್ ನನಗೆ ಯಾವ ಎಂಜಿನಿಯರ್‌ನಿಂದಲೂ ಬಂದಿಲ್ಲ. "ಹೊತ್ತು ಬಿಟ್ಟರೆ" ಎಂದ ಕೂಡಲೇ ಹುಡುಕುವ ಜಾಗ ಸಿಕ್ಕಿತು. ನುಡಿಸಲು ಏನೂ ಇಲ್ಲದಿದ್ದರೆ ಆಡಿಯೊಫ್ಲಿಂಗರ್ ಸುಮಾರು 3 ಸೆಕೆಂಡ್ ಕಾದು ಹ್ಯಾಲನ್ನು ಸ್ಟ್ಯಾಂಡ್‌ಬೈಗೆ ಕಳಿಸುತ್ತದೆ. ಹ್ಯಾಲ್ ಆಲ್ಸಾ ಸ್ಟ್ರೀಮ್ ಮುಚ್ಚುತ್ತದೆ. ಕರ್ನಲ್ ಇನ್ನೂ 5 ಸೆಕೆಂಡ್ ಕಾದು ಕೋಡೆಕ್, ಆಂಪ್ ಎರಡರ ಕರೆಂಟ್ ತೆಗೆಯುತ್ತದೆ. ಎರಡೂ ಡೀಫಾಲ್ಟ್ ಸಂಖ್ಯೆಗಳು. ಕಾಟಾದ ಮೇಲೆ ಒಂದು ಗಾಡಿ ಇಳಿದು ಇನ್ನೊಂದು ಹತ್ತುವಷ್ಟರಲ್ಲಿ ಈ ಹೊತ್ತು ಮೀರಿರುತ್ತದೆ. ಹಾಗಾಗಿ ಪ್ರತಿ ಘೋಷಣೆಯೂ ಮಲಗಿದ ಆಂಪನ್ನು ಎಬ್ಬಿಸಿಯೇ ಶುರುವಾಗುತ್ತದೆ. ಎದ್ದೇಳುವಷ್ಟರಲ್ಲಿ "ಹದಿ" ಹೋಗಿರುತ್ತದೆ, "ನೆಂಟು" ಉಳಿದಿರುತ್ತದೆ. ಟ್ರ್ಯಾಕ್ಟರ್ ಗದ್ದಲದಲ್ಲಿ ಅದು ಎಂಟು ಎಂದೇ ಕೇಳುತ್ತದೆ. ಹಾಡಿನ ಮೊದಲ ಕಾಲು ಸೆಕೆಂಡ್ ಹೋದರೆ ಯಾರೂ ಕೇಳುವುದಿಲ್ಲ. ತೂಕದ ಮೊದಲ ಕಾಲು ಸೆಕೆಂಡ್ ಎಂದರೆ ಹತ್ತು ಟನ್ ಕಬ್ಬು.

ಎಷ್ಟು ನುಂಗುತ್ತದೆ ಎಂದು ಅಳೆಯಬೇಕಿತ್ತು. 50 ಮಿಲಿಸೆಕೆಂಡಿಗೊಂದು ಟಿಕ್ ಬರುವ ಫೈಲ್ ಮಾಡಿ, ಸಾಧನ ಮಲಗಿದ ಮೇಲೆ ನುಡಿಸಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ರೆಕಾರ್ಡ್ ಮಾಡಿದೆ. ಅಲೆಯ ಚಿತ್ರದಲ್ಲಿ ಎಷ್ಟು ಟಿಕ್ ಇಲ್ಲ ಎಂದು ಎಣಿಸಿದರೆ ಆಯಿತು. ಮೊದಲಿನ ಕೆಲವು ಟಿಕ್ ಪೂರ್ತಿ ಇರಲಿಲ್ಲ. ಅದರ ನಂತರದವು ಮೆಲ್ಲಗೆ ಏರುತ್ತಾ ಬಂದವು. ಅಂದರೆ ಕಳ್ಳರು ಇಬ್ಬರು.

ಒಬ್ಬ ಆಂಪ್. ಕರ್ನಲ್‌ನಲ್ಲಿರುವ ಸಿಂಪಲ್-ಆಂಪ್ಲಿಫೈಯರ್ ಡ್ರೈವರ್ ಆಂಪ್‌ನ ಎನೇಬಲ್ ಪಿನ್ ಮೇಲೆತ್ತಿ ಅಲ್ಲೇ ವಾಪಸ್ ಬರುತ್ತದೆ. ಆಂಪ್ ಒಳಗೆ ಸಿದ್ಧವಾಗಲು ಹೊತ್ತು ಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಆ ಹೊತ್ತು ಎಷ್ಟು ಎಂದು ಆಂಪ್‌ನ ಡೇಟಾಶೀಟ್‌ನಲ್ಲೇ ಇರುತ್ತದೆ. ಪಿನ್ ಎತ್ತಿದ ಮೇಲೆ ಅಷ್ಟು ಹೊತ್ತು ಕಾಯುವ ಒಂದು ಸಾಲು ಡ್ರೈವರ್‌ಗೆ ಸೇರಿಸಿದೆ. ಇದು ಸ್ಟ್ರೀಮ್ ಸಿದ್ಧವಾಗುವ ಹಂತದಲ್ಲೇ ನಡೆಯುವುದರಿಂದ ಸದ್ದು ಹರಿಯುವುದೇ ಆಮೇಲೆ. ಬಫರ್‌ನಲ್ಲಿ ಕಾಯುತ್ತದೆ, ಕಳೆದುಹೋಗುವುದಿಲ್ಲ.

ಇನ್ನೊಬ್ಬ ಕೋಡೆಕ್. ಟಪ್ ಎಂಬ ಸದ್ದು ಬರಬಾರದು ಎಂದು ಅದು ಮ್ಯೂಟ್ ತೆಗೆಯುವಾಗ ವಾಲ್ಯೂಮ್ ಅನ್ನು ನಿಧಾನ ಏರಿಸುತ್ತದೆ. ಇದು ನಡೆಯುವುದು ಎಲ್ಲಕ್ಕೂ ಕೊನೆಗೆ, ಸದ್ದು ಹರಿಯಲು ಶುರುವಾಗುವ ಹೊತ್ತಿನಲ್ಲಿ. "ಹ" ಮೊದಲೇ ಉಸಿರಿನ ಅಕ್ಷರ, ಅದರ ಮೇಲೆ ಈ ಏರಿಕೆ ಬಿದ್ದರೆ ಉಳಿಯುವುದೇನು? ಏರಿಕೆಯ ವೇಗ ಹೆಚ್ಚಿಸಲು ಚಿಪ್ ಒಳಗೆ ಒಂದು ರಿಜಿಸ್ಟರ್ (ಹೊಂದಿಕೆಯ ಅಂಕಿ ಬರೆಯುವ ಜಾಗ) ಇತ್ತು. ತೀರಾ ಹೆಚ್ಚಿಸಿದರೆ ಟಪ್ ಸದ್ದು ವಾಪಸ್. ಅಕ್ಷರವೂ ಉಳಿಯಬೇಕು, ಟಪ್ ಕೂಡ ಬೇಡ. ನಡುವಿನ ಒಂದು ಬೆಲೆ ಹಿಡಿದೆ. ಚೂರು ಟಪ್ ಇದೆ. ಯಾರ್ಡ್‌ನಲ್ಲಿ ಯಾರಿಗೂ ಕೇಳುವುದಿಲ್ಲ.

ಪ್ರತಿ ಘೋಷಣೆಯ ಮುಂದೆ ಅರ್ಧ ಸೆಕೆಂಡ್ ಮೌನ ಸೇರಿಸಿದರೆ ಆಗುತ್ತಿತ್ತಲ್ಲ ಎಂದು ಆಪ್ ಮಾಡುವವರು ಕೇಳಿದರು. ಆಗುತ್ತಿತ್ತು. ಆದರೆ ನಾಳೆ ಬೇರೆ ಆಪ್ ಬಂದರೆ ಅದಕ್ಕೂ ಇದೇ ಪಾಠ ಹೇಳಿಕೊಡಬೇಕು. ಆಂಪನ್ನು ಮಲಗಿಸುವುದೇ ಬೇಡ ಎಂದರೂ ಆಗುತ್ತಿತ್ತು. ಆಗ ದಿನವಿಡೀ ಸ್ಪೀಕರ್‌ನಿಂದ ಸುಯ್ ಎಂಬ ಸದ್ದು, ಸಂಜೆ ಆಗುವ ಮುಂಚೆ ಬ್ಯಾಟರಿ ಖಾಲಿ. ಹಾರ್ಡ್‌ವೇರ್ ತೊಂದರೆಯನ್ನು ಡ್ರೈವರ್‌ನಲ್ಲೇ ಮುಗಿಸಬೇಕು ಎನ್ನುವವನು ನಾನು.

ಜೋರಿನ ವಿಷಯ ಒಂದಿಷ್ಟು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಎಂದರೆ ಎಂಜಿನ್ ಜೊತೆ ಹಾಡಿನ ಡಬ್ಬಗಳೂ ಇರುತ್ತವೆ. ಅದರ ಎದುರು ಅಂಗೈಯಷ್ಟು ಸಾಧನದ ಸ್ಪೀಕರ್ ಗೆಲ್ಲಬೇಕು. ವಾಲ್ಯೂಮ್ ಏರಿಸುತ್ತಾ ಹೋದರೆ ದನಿ ಒಡೆಯುತ್ತದೆ, ಸ್ಪೀಕರ್ ಸುಟ್ಟರೂ ಸುಟ್ಟೀತು. ಸಣ್ಣ ಸ್ಪೀಕರ್‌ಗೆ 300 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಹೇಗೂ ಆಗದು, ಅದಕ್ಕೆ ಕೊಡುವ ಶಕ್ತಿ ಬರೀ ಕೋನ್ ಅಲ್ಲಾಡಿಸಲು ಹೋಗುತ್ತದೆ. ಕೋಡೆಕ್‌ನ ಫಿಲ್ಟರ್‌ನಲ್ಲಿ ಅದನ್ನು ಕತ್ತರಿಸಿದೆ. ವ್ಯಂಜನಗಳು ಸ್ಪಷ್ಟವಾಗುವುದು ಸುಮಾರು 1,000ದಿಂದ 4,000 ಹರ್ಟ್ಸ್ ನಡುವೆ. ಅಲ್ಲಿ ಸ್ವಲ್ಪ ಎತ್ತಿದೆ. ಆಮೇಲೆ ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿ ಮೆಲ್ಲನೆಯ ಅಕ್ಷರಗಳನ್ನು ಮೇಲೆ ತಂದೆ. ಕೋಣೆಯಲ್ಲಿ ಕೇಳಿದರೆ ಈಗ ದನಿ ಕರ್ಕಶ, ಒಪ್ಪುತ್ತೇನೆ. ಕಾಟಾದ ಪಕ್ಕ ನಿಂತು ಕೇಳಿ, ಅಂಕಿ ಒಂದೊಂದೂ ಬಿಡಿಬಿಡಿಯಾಗಿ ಬರುತ್ತದೆ.

ಮೈಕ್ ಕಡೆ ಹೆಚ್ಚು ಕೆಲಸ ಇರಲಿಲ್ಲ. ನಮ್ಮ ಸಾಧನದಲ್ಲಿ ಫೋನ್ ಕರೆ ಇಲ್ಲ, ಹಾಗಾಗಿ ಮಾಡೆಮ್ ಜೊತೆ ಜೋಡಿಸುವ ತಲೆನೋವೂ ಇಲ್ಲ. ಹೆಡ್‌ಫೋನ್ ಜ್ಯಾಕ್ ತೂರಿಸಿದ್ದು ಆಂಡ್ರಾಯ್ಡ್‌ಗೆ ಗೊತ್ತಾಗಲು ಕರ್ನಲ್ ಒಂದು ಇನ್‌ಪುಟ್ ಈವೆಂಟ್ ಕಳಿಸಿದರೆ ಸಾಕು.

ಈಗ ಪ್ರತಿ ಸಾಧನವೂ ಹೊರಗೆ ಹೋಗುವ ಮುಂಚೆ ಆ ಟಿಕ್ ಫೈಲಿನ ಪರೀಕ್ಷೆ ದಾಟಬೇಕು. ಮುಂದಿನ ಮಾದರಿಗೆ ಆಂಡ್ರಾಯ್ಡ್ 14 ಹಾಕುತ್ತಿದ್ದೇವೆ. ಆ ಆವೃತ್ತಿಯಿಂದ ಆಡಿಯೊ ಹ್ಯಾಲ್ ಆಂಡ್ರಾಯ್ಡ್ ಜೊತೆ ಮಾತಾಡುವ ರೀತಿ ಎಐಡಿಎಲ್ ಎಂಬ ಪದ್ಧತಿಗೆ ಹೊರಳಿದೆ, ಹಾಗಾಗಿ ಹ್ಯಾಲ್‌ನ ಹೊರಮೈ ಮತ್ತೆ ಬರೆಯಬೇಕು. ಗಡಿಯಾರದ ಸಾಲು, ಆಂಪ್ ಕಾಯುವ ಹೊತ್ತು, ಮಿಕ್ಸರ್ ಫೈಲ್ ಮೂರೂ ಹಾಗೆಯೇ ನಡೆಯುತ್ತವೆ. ಹಂಗಾಮಿನ ಮುಂಚೆ ಅದು ಮುಗಿಯಬೇಕು, ಸದ್ಯ ಅದನ್ನೇ ಹಿಡಿದು ಕೂತಿದ್ದೇನೆ.