ಕಡಲು ಕೊರೆದ ದಂಡೆಯಲ್ಲಿ ಹಳೇ ನಾಣ್ಯ ಹುಡುಕುವುದು ಹೇಗೆ?

ಎರಡು ದಿನ ಬಿಡದೆ ಗಾಳಿ, ದೊಡ್ಡ ಅಲೆ ಹೊಡೆದ ಮೇಲೆ ಕಡಲ ದಂಡೆಗೆ ಹೋಗಿ ನೋಡಿ. ಮೊನ್ನೆ ಇಳಿಜಾರಾಗಿದ್ದ ಮರಳು ಈಗ ಕತ್ತಿಯಲ್ಲಿ ಕೊಯ್ದ ಹಾಗೆ ಸೊಂಟದೆತ್ತರದ ಗೋಡೆಯಾಗಿ ನಿಂತಿರುತ್ತದೆ. ಅದರ ಬುಡದಲ್ಲಿ ಮರಳಿನ ಬಣ್ಣವೇ ಬೇರೆ. ಕಪ್ಪು ಗೆರೆಗಳು, ಸಣ್ಣ ಕಲ್ಲು, ಒಡೆದ ಚಿಪ್ಪು, ಅಲ್ಲಲ್ಲಿ ಗಟ್ಟಿ ಜೇಡಿ. ನಾಣ್ಯ ಹುಡುಕುವವರು ಕಾಯುವುದು ಇಂಥ ದಿನಕ್ಕೇ. ನಾವು ವಾರಗಟ್ಟಲೆ ಅಗೆದರೂ ತೆಗೆಯಲಾಗದಷ್ಟು ಮರಳನ್ನು ಕಡಲು ಒಂದೇ ರಾತ್ರಿಯಲ್ಲಿ ಎತ್ತಿಕೊಂಡು ಹೋಗಿರುತ್ತದೆ.

ಹೊಸಬರು ಸಾಮಾನ್ಯವಾಗಿ ಯಾವ ಮೆಟಲ್ ಡಿಟೆಕ್ಟರ್ ಕೊಳ್ಳಲಿ ಅಂತ ಶುರು ಮಾಡುತ್ತಾರೆ. ನಾನು ಹೇಳುವುದು, ಮೊದಲು ದಂಡೆ ನೋಡಲು ಕಲಿಯಿರಿ. ಒಳ್ಳೆ ಯಂತ್ರ ಹಿಡಿದು ತಪ್ಪು ಜಾಗದಲ್ಲಿ ದಿನವಿಡೀ ಓಡಾಡುವುದಕ್ಕಿಂತ ಸಾಧಾರಣ ಯಂತ್ರ ಹಿಡಿದು ಸರಿಯಾದ ಜಾಗದಲ್ಲಿ ಒಂದು ಗಂಟೆ ನಿಂತರೆ ಜಾಸ್ತಿ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ಅನುಮತಿ

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿ ಎನ್ನಬಹುದಾದ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇದೆ, 1972ರ ಕಾಯ್ದೆ 100 ವರ್ಷ ದಾಟಿದ ನಾಣ್ಯಗಳನ್ನು ಪುರಾತನ ವಸ್ತು ಅನ್ನುತ್ತದೆ. ಮುಳುಗಿದ ಹಡಗಿನ ವಸ್ತುಗಳಿಗೆ ಹಲವು ಕಡೆ ಬೇರೆಯೇ ನಿಯಮ. ನೀವು ಹೋಗುವ ದಂಡೆ ಯಾರ ಕೈಯಲ್ಲಿದೆ, ಅಲ್ಲಿ ಅಗೆಯಬಹುದಾ ಅಂತ ಕೇಳಿ, ಬರೆದುಕೊಟ್ಟರೆ ತಗೊಳ್ಳಿ. ಆಮೆ ಮೊಟ್ಟೆ ಇಡುವ ಜಾಗ, ಗಿಡ ಬೆಳೆದ ಮರಳುದಿಬ್ಬ, ಸ್ಮಾರಕದ ಸುತ್ತಮುತ್ತ ಹೋಗಲೇಬೇಡಿ.

ಯಾವಾಗ ಹೋಗಬೇಕು

ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ನೀರು ಅತಿ ಹೆಚ್ಚು ಏರುತ್ತದೆ, ಅಷ್ಟೇ ದೂರ ಇಳಿಯುತ್ತದೆ. ಬಿರುಗಾಳಿ ಈ ದಿನಗಳಿಗೆ ಕೂಡಿ ಬಂದರೆ ಕೊರೆತ ಜೋರು. ಒತ್ತೊತ್ತಾಗಿ, ಕಡಿದಾಗಿ ಬರುವ ಅಲೆ ಮರಳನ್ನು ಎಳೆದುಕೊಂಡು ಹೋಗುತ್ತದೆ. ಆಮೇಲೆ ಬರುವ ಉದ್ದನೆಯ ಶಾಂತ ಅಲೆ ಅದೇ ಮರಳನ್ನು ವಾಪಸ್ ತಂದು ಹಾಸುತ್ತದೆ. ಹಾಗಾಗಿ ಭಾನುವಾರ ಬರಲಿ ಅಂತ ಕಾಯಬೇಡಿ, ಬೇಗ ಹೋಗಿ. ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿದ್ದು, ಇಳಿಯುವ ನೀರಿನ ಹಿಂದೆಯೇ ಕೆಳಗೆ ಹೋಗಿ. ನೀರು ತಿರುಗಿ ಏರಲು ಶುರುವಾದ ಕೂಡಲೇ ಮೇಲೆ ಬನ್ನಿ. ಗೋಡೆಯಂಥ ಮರಳಿಗೂ ಅಲೆಗೂ ನಡುವೆ ಸಿಕ್ಕಿಬಿದ್ದರೆ ಹೊರಬರಲು ದಾರಿ ಇರುವುದಿಲ್ಲ.

ದಂಡೆ ಏನು ಹೇಳುತ್ತಿದೆ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ, ಇದಕ್ಕೇ ಜಾಸ್ತಿ ಹೊತ್ತು ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಲೆಕ್ಕ ಸರಳ. ಬೆಣಚುಕಲ್ಲಿನ ಮರಳು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಬೆಳ್ಳಿ 10.5 ಪಟ್ಟು, ಸೀಸ 11.3, ಚಿನ್ನ 19.3. ಅಲೆ ಹಗುರವಾದದ್ದನ್ನು ಹೊತ್ತೊಯ್ಯುತ್ತದೆ, ಭಾರದ್ದನ್ನು ಬಿಟ್ಟುಹೋಗುತ್ತದೆ. ಬಿಟ್ಟುಹೋದದ್ದು ಕೆಳಗಿಳಿದು ಇಳಿದು ಜೇಡಿಯೋ ಕಲ್ಲೋ ಅಡ್ಡ ಬಂದಲ್ಲಿ ನಿಲ್ಲುತ್ತದೆ. ಆ ಗಟ್ಟಿ ಪದರ ಮೇಲೆ ಕಂಡ ದಿನವೇ ನಿಮ್ಮ ದಿನ.

ಬರಿಗಾಲಲ್ಲಿ ಒಂದು ಸುತ್ತು ನಡೆಯಿರಿ. ಕಾಲು ಹೂತುಕೊಂಡರೆ ಅದು ಈಚೆಗೆ ಬಂದು ಬಿದ್ದ ಮೆತ್ತನೆ ಮರಳು, ಮುಂದೆ ಹೋಗಿ. ನೆಲ ಗಟ್ಟಿ ಅನ್ನಿಸಿ, ಹಿಮ್ಮಡಿಗೆ ಸಣ್ಣ ಕಲ್ಲು ಒತ್ತಿದರೆ ಅಲ್ಲಿ ನಿಲ್ಲಿ. ಕಪ್ಪು ಮರಳಿನ ಪಟ್ಟೆ, ದಪ್ಪ ಚಿಪ್ಪು, ಒಂದೇ ಸಾಲಿನಲ್ಲಿ ಕೂಡಿದ ಕಲ್ಲು, ನೀರು ನಿಂತ ಉದ್ದನೆಯ ತಗ್ಗು, ಇವೆಲ್ಲ ಭಾರದ ವಸ್ತು ಸೇರುವ ಜಾಗಗಳ ಗುರುತು. ಮೀನುಗಾರರ ಬಲೆಯ ಸೀಸದ ಗುಂಡು ಎರಡು ಮೂರು ಒಟ್ಟಿಗೆ ಸಿಕ್ಕಿತಾ? ಖುಷಿಪಡಿ. ಸೀಸ ಕೂತಲ್ಲೇ ಬೆಳ್ಳಿಯೂ ಕೂರುತ್ತದೆ. ಬರೀ ಅಲ್ಯೂಮಿನಿಯಂ ಚೂರುಗಳೇ ಬರುತ್ತಿದ್ದರೆ ನೀವಿನ್ನೂ ಹಗುರ ವಸ್ತುಗಳ ಪದರದಲ್ಲಿದ್ದೀರಿ.

ಅಮೆರಿಕದ ಫ್ಲೋರಿಡಾ ಇದಕ್ಕೆ ದೊಡ್ಡ ಉದಾಹರಣೆ. 1715ರ ಜುಲೈ 31ರ ಚಂಡಮಾರುತದಲ್ಲಿ ಅಲ್ಲಿನ ಪೂರ್ವ ತೀರದಲ್ಲಿ ಬೆಳ್ಳಿ, ಚಿನ್ನ ಹೊತ್ತ ಸ್ಪೇನ್‌ನ 11 ಹಡಗುಗಳು ಒಡೆದವು. 300 ವರ್ಷ ಕಳೆದರೂ ಜೋರು ಕೊರೆತ ಆದಾಗ ಆ ದಂಡೆಯಲ್ಲಿ ನಾಣ್ಯ ಸಿಗುವುದುಂಟು. ನಿಮ್ಮ ದಂಡೆಯ ಹಳೇ ನಕ್ಷೆಯನ್ನೂ ಹುಡುಕಿ. ಹಳೇ ಬಂದರು, ದೋಣಿ ಕಟ್ಟುತ್ತಿದ್ದ ಜಾಗ, ಸಂತೆ ಸೇರುತ್ತಿದ್ದ ಬಯಲು ಎಲ್ಲಿತ್ತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಎಚ್ಚರಿಕೆ. ಆ ಮರಳಿನ ಗೋಡೆಯ ಬುಡವನ್ನು ಅಗೆಯಬೇಡಿ, ಅದರ ಕೆಳಗೆ ಕೂರಬೇಡಿ. ನೋಡಲು ಗಟ್ಟಿ ಇರುತ್ತದೆ, ಒಣಗಿದರೆ ಒಂದೇ ಸಲಕ್ಕೆ ಕುಸಿಯುತ್ತದೆ.

ಯಂತ್ರ

ಸಾಮಾನ್ಯ ಡಿಟೆಕ್ಟರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತದೆ. ಅದರ ಕಾಯಿಲ್, ಅಂದರೆ ಕೋಲಿನ ತುದಿಯ ತಟ್ಟೆಯಂಥ ಭಾಗ, ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತದೆ, ಲೋಹ ಇದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿ ಏಳುತ್ತದೆ, ಅದನ್ನು ಯಂತ್ರ ಕೇಳಿಸಿಕೊಳ್ಳುತ್ತದೆ. ತೊಂದರೆ ಏನೆಂದರೆ ಉಪ್ಪುನೀರಲ್ಲೂ ವಿದ್ಯುತ್ ಹರಿಯುತ್ತದೆ, ಆದ್ದರಿಂದ ಒದ್ದೆ ಮರಳಿನ ಮೇಲೆ ಯಂತ್ರ ಸುಮ್ನೆ ಕೂಗುತ್ತಲೇ ಇರುತ್ತದೆ. ಒಣ ಮರಳಿಗೆ ಇದು ಸಾಕು. ಒದ್ದೆ ಮರಳಿಗೆ ಹಲವು ಫ್ರೀಕ್ವೆನ್ಸಿಗಳನ್ನು ಒಟ್ಟಿಗೆ ಬಳಸುವ ಮಲ್ಟಿ ಫ್ರೀಕ್ವೆನ್ಸಿ ಯಂತ್ರ ಒಳ್ಳೆಯದು. ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಬಗೆ ಉಪ್ಪಿಗೂ ಕಪ್ಪು ಮರಳಿಗೂ ಅಷ್ಟಾಗಿ ಜಗ್ಗುವುದಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಕಬ್ಬಿಣ ಯಾವುದು, ಬೆಳ್ಳಿ ಯಾವುದು ಅಂತ ಬೇರ್ಪಡಿಸುವುದರಲ್ಲಿ ಹಿಂದೆ. ಮೊಳೆಗಳನ್ನೂ ಅಗೆಯುವ ತಾಳ್ಮೆ ಬೇಕು.

ದಂಡೆಗೆ ಹೋದ ಮೇಲೆ ಒದ್ದೆ ಮರಳಿನ ಮೇಲೆಯೇ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಯಂತ್ರವನ್ನು ಅಲ್ಲಿನ ನೆಲಕ್ಕೆ ಹೊಂದಿಸಿ. ಕೂಗು ನಿಲ್ಲುವವರೆಗೆ ಸೆನ್ಸಿಟಿವಿಟಿ ಇಳಿಸಿ. ಕಬ್ಬಿಣ ಕೇಳಿಸದಂತೆ ಮಾಡುವ ಡಿಸ್ಕ್ರಿಮಿನೇಷನ್ ಅನ್ನು ಆದಷ್ಟು ಕಡಿಮೆ ಇಡಿ, ಹಳೇ ಮೊಳೆಯ ಪಕ್ಕದಲ್ಲೇ ನಾಣ್ಯ ಇರಬಹುದು ಅಲ್ವಾ. ಕಬ್ಬಿಣದ ಮೂತಿಯ ಬೂಟು ಬೇಡ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿದ್ದ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮ ಲೋಹಶೋಧಕದಿಂದ ಹುಡುಕಿದಾಗ ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಅವರನ್ನು ದಾರಿ ತಪ್ಪಿಸಿದ್ದವು. ಹತ್ತಿರದ ಲೋಹ ಇವತ್ತಿನ ಯಂತ್ರಕ್ಕೂ ಹಾಗೆಯೇ ತೊಂದರೆ ಕೊಡುತ್ತದೆ.

ಬೀಸುವುದು, ಅಗೆಯುವುದು

ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ, ಸಮತಟ್ಟಾಗಿ, ನಿಧಾನ ಬೀಸಿ. ಬೀಸಿದ ಕೊನೆಯಲ್ಲಿ ಅದನ್ನು ಮೇಲಕ್ಕೆತ್ತುವುದು ಎಲ್ಲರೂ ಮಾಡುವ ತಪ್ಪು. ಮೊದಲು ಅಂಕುಡೊಂಕಾಗಿ ನಡೆದು ಜಾಗ ಪತ್ತೆ ಮಾಡಿ. ಒಂದು ನಾಣ್ಯ ಸಿಕ್ಕಿತೋ, ಅಲ್ಲಿಂದ ಉಳುಮೆ ಮಾಡುವ ಹಾಗೆ ಸಾಲು ಸಾಲಾಗಿ ಹೋಗಿ. ಒಂದು ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು.

ಸದ್ದು ಬಂದಾಗ 90 ಡಿಗ್ರಿ ತಿರುಗಿ ನಿಂತು ಮತ್ತೆ ಬೀಸಿ. ಎರಡೂ ಕಡೆ ಒಂದೇ ಥರ, ಸ್ಪಷ್ಟವಾಗಿ ಕೇಳಿದರೆ ದುಂಡನೆಯ ವಸ್ತು ಇರಬಹುದು. ಒಂದು ಕಡೆ ಕೇಳಿ ಇನ್ನೊಂದು ಕಡೆ ಮುರಿದರೆ ಹೆಚ್ಚಾಗಿ ಮೊಳೆ. ಕಾಯಿಲ್ ಅನ್ನು ಒಂದು ಅಡಿ ಮೇಲೆತ್ತಿದರೂ ಸದ್ದು ಹೋಗದಿದ್ದರೆ ಒಳಗಿರುವುದು ದೊಡ್ಡದು. ಹಳೇ ಸಿಡಿಗುಂಡು ಅನ್ನಿಸಿದರೆ ಮುಟ್ಟಬೇಡಿ, ದೂರ ಸರಿದು ಪೊಲೀಸರಿಗೆ ಹೇಳಿ.

ತೂತಿರುವ ಸ್ಕೂಪ್ ಅನ್ನು ಸದ್ದಿನಿಂದ ಸ್ವಲ್ಪ ಆಚೆ ಇಳಿಸಿ ಎತ್ತಿ, ಇಲ್ಲದಿದ್ದರೆ ನಾಣ್ಯಕ್ಕೇ ಏಟು ಬೀಳುತ್ತದೆ. ಅಗೆದ ಗುಂಡಿ ಆಗಲೇ ಮುಚ್ಚಿ. ನನಗೆ ಮೊದಲು ಬೆಳ್ಳಿ ಸಿಕ್ಕಿದ್ದು ನಾಣ್ಯದ ರೂಪದಲ್ಲಲ್ಲ. ಸ್ಕೂಪಿನಲ್ಲಿ ಉಳಿದದ್ದು ಬಿಸ್ಕತ್ತಿನ ಚೂರಿನಂಥ ಕಪ್ಪು ತುಂಡು, ಒಂದು ಅಂಚಿಗೆ ಚಿಪ್ಪು ಕಚ್ಚಿಕೊಂಡಿತ್ತು. ಡಾಂಬರು ಅಂತ ಎಸೆಯಲು ಹೊರಟಿದ್ದೆ. ಅಂಗೈಯಲ್ಲಿಟ್ಟಾಗ ಅದರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ಭಾರ ಇತ್ತು. ಓರೆ ಮಾಡಿ ಬೆಳಕಿಗೆ ಹಿಡಿದೆ, ಕಪ್ಪಿನೊಳಗೆ ಅರ್ಧ ಶಿಲುಬೆಯ ಗೆರೆ ಕಂಡಿತು. ಕಡಲಲ್ಲಿ ಬೆಳ್ಳಿ ಹೀಗೆ ಕಪ್ಪಾಗುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಕಬ್ಬಿಣ ಮರಳನ್ನೂ ಕಲ್ಲನ್ನೂ ಕಚ್ಚಿಕೊಂಡು ಉಂಡೆಯಾಗುತ್ತದೆ. ಚಿನ್ನ ಮಾತ್ರ ಬಿದ್ದ ದಿನದ ಹಾಗೇ ಇರುತ್ತದೆ. ಕೈಯಲ್ಲಿ ತೂಗಿ ನೋಡದೆ ಏನನ್ನೂ ಎಸೆಯಬೇಡಿ.

ಒಂದೇ ಕಡೆ ನಾಣ್ಯ, ಮರದ ತುಂಡು, ಮೊಳೆ, ಮಡಕೆ ಚೂರು ಎಲ್ಲ ಒಟ್ಟಿಗೆ ಬರತೊಡಗಿದರೆ ಅಗೆಯುವುದನ್ನು ನಿಲ್ಲಿಸಿ. ಅದು ಹಡಗಿನ ಅವಶೇಷ ಇರಬಹುದು. ಫೋಟೊ ತೆಗೆದು, ಜಾಗ ಗುರುತಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಯಾವುದು ಯಾವುದರ ಪಕ್ಕ ಇತ್ತು ಅನ್ನುವುದರಲ್ಲೇ ಅದರ ಕಥೆ ಇದೆ, ಒಮ್ಮೆ ಕಿತ್ತರೆ ಅದು ಮತ್ತೆ ಸಿಗುವುದಿಲ್ಲ.

ಮನೆಗೆ ತಂದ ಮೇಲೆ

ಉಜ್ಜಬೇಡಿ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಒಂದು ತಾಮ್ರದ ನಾಣ್ಯಕ್ಕೆ ಹುಳಿ ಹಾಕಿ ಚೆನ್ನಾಗಿ ತಿಕ್ಕಿದೆ. ಕಿಲುಬಿನ ಜೊತೆ ಅಕ್ಷರಗಳೂ ಹೋದವು. ಅಕ್ಷರ ಇದ್ದದ್ದೇ ಆ ಕಿಲುಬಿನ ಪದರದಲ್ಲಿ.

ದಂಡೆಯಿಂದ ತರುವಾಗ ವಸ್ತುವನ್ನು ಅಲ್ಲಿನ ನೀರಲ್ಲೇ ಮುಳುಗಿಸಿ ತನ್ನಿ. ಮನೆಯಲ್ಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಹಾಕಿಟ್ಟು ಆಗಾಗ ನೀರು ಬದಲಿಸಿ, ಒಳಗಿನ ಉಪ್ಪು ಹೊರಬರಲು ವಾರಗಳೇ ಬೇಕು, ಕೆಲವಕ್ಕೆ ತಿಂಗಳುಗಳು. ಅಂಟಿಕೊಂಡ ನಾಣ್ಯಗಳನ್ನು ಎಬ್ಬಿಸಲು ಹೋಗಬೇಡಿ. ಕಬ್ಬಿಣವನ್ನು ಒಣಗಲು ಬಿಟ್ಟರೆ ಪದರ ಪದರವಾಗಿ ಉದುರುತ್ತದೆ. ಅದನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿಟ್ಟು ಬಲ್ಲವರ ಕೈಗೆ ಕೊಡಿ. ಪ್ರತಿ ವಸ್ತುವಿನ ಡಬ್ಬಿಗೂ ಒಂದು ಚೀಟಿ ಅಂಟಿಸಿ. ತಾರೀಕು, ಜಾಗ, ಎಷ್ಟು ಆಳ, ಮರಳೋ ಜೇಡಿಯೋ ಅಂತ ಅವತ್ತೇ ಬರೆಯಿರಿ. ಮುಂದಿನ ಕೊರೆತ ಆದಾಗ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದು ಆ ಚೀಟಿಗಳಿಂದಲೇ.